ಹಾಜರಿ ಬಯಲಿನ ಗೋಲು

ಬೆಟಗೇರಿ,
ಇಸವಿ ೨೧೮೬, ಬಿಡುವಿನ ತಿಂಗಳ ಮೂವತ್ತೈದನೆಯ ದಿನ

ನಮಗಿಂತ ಮುಂಚೆ ಬದುಕಿದ ಹಿರಿಯರಿಗೆ, ಹಾಜರಿ ಬಯಲಿನ ನೆಲಗಾತಿ ಸುಗಂಧಾ ಗಾಡಿವಡ್ಡರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಬರೆದವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಬೇಸಿಗೆ ಇಷ್ಟು ಉದ್ದವಾದ ಮೇಲೆ ನಮ್ಮವರು ವರ್ಷಕ್ಕೆ ಹದಿಮೂರನೆಯದೊಂದು ತಿಂಗಳು ಸೇರಿಸಿಕೊಂಡರು. ಬಿಸಿಲು ಇಳಿಯುವವರೆಗೂ ಅದು ಮುಗಿಯುವುದಿಲ್ಲ, ಹಾಗಾಗಿ ಒಂದೊಂದು ವರ್ಷ ಒಂದೊಂದು ಉದ್ದ. ಆ ತಿಂಗಳಲ್ಲಿ ಕಚೇರಿ, ಶಾಲೆ, ಮಗ್ಗ ಎಲ್ಲಕ್ಕೂ ಬಿಡುವು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕಾಲದ ಪದಗಳು ನಮಗೂ ಹೀಗೇ ಕಾಡುತ್ತವೆ. ಈ ಕಾಗದ ನಿಮ್ಮ ಕೈಗೆ ಹೇಗೆ ಮುಟ್ಟುತ್ತದೆ ಎಂದು ಮಾತ್ರ ಕೇಳಬೇಡಿ, ಅದು ನನಗೂ ಗೊತ್ತಿಲ್ಲ. ಹೇಳಬೇಕಾದದ್ದು ಹೊಟ್ಟೆಯಲ್ಲಿ ತುಂಬಿಕೊಂಡಿದೆ, ಹೇಳುತ್ತೇನೆ.

ನೆಲಗಾತಿ ಎಂದರೆ ಊರಿನ ಒಂದು ಬಯಲನ್ನು ನೋಡಿಕೊಳ್ಳುವವಳು. ಗಿಡಕ್ಕೆ ನೀರು, ಗೇಟಿನ ಕೀಲಿ, ಆಡುವವರ ನಡುವಿನ ಜಗಳ, ಎಲ್ಲವೂ ಅವಳ ಪಾಲಿಗೆ. ನಮ್ಮ ಊರು ಬೆಳಕು ಹರಿಯುವ ಮೊದಲೇ ಏಳುತ್ತದೆ. ರೊಟ್ಟಿ ಬಡಿಯುವ ಸದ್ದು, ಮಗ್ಗದ ಸದ್ದು ಒಟ್ಟಿಗೇ ಶುರುವಾಗುತ್ತವೆ. ಬಿಸಿಲು ಏರುತ್ತಿದ್ದಂತೆ ಬೀದಿಯ ಒಂದು ಮಾಳಿಗೆಯಿಂದ ಇನ್ನೊಂದು ಮಾಳಿಗೆಗೆ ದಪ್ಪ ಬಟ್ಟೆ ಎಳೆದು ಕಟ್ಟುತ್ತೇವೆ. ಬೆಟಗೇರಿಯ ನೇಕಾರರು ಈಗ ಸೀರೆಗಿಂತ ಹೆಚ್ಚು ನೆರಳನ್ನೇ ನೇಯುತ್ತಾರೆ ಎಂಬುದು ಇಲ್ಲಿನ ಹಳೆಯ ತಮಾಷೆ. ಮಧ್ಯಾಹ್ನವೆಲ್ಲ ಊರು ಮಲಗಿರುತ್ತದೆ. ಇಳಿಹೊತ್ತಿಗೆ ಕಪ್ಪತಗುಡ್ಡದ ಕಡೆಯಿಂದ ಗಾಳಿ ತಿರುಗಿದಾಗ ಬಟ್ಟೆಗಳನ್ನು ಬಿಚ್ಚುತ್ತೇವೆ, ಮಿರ್ಚಿ ಕರಿಯುವವರು ಒಲೆ ಹಚ್ಚುತ್ತಾರೆ, ಹಾಕಿ ಸ್ಟಿಕ್ ಹಿಡಿದ ಹುಡುಗಿಯರು, ಗಂಡಸರು, ಮುದುಕಿಯರು ಸಹ ನನ್ನ ಬಯಲಿಗೆ ಬರುತ್ತಾರೆ. ಕೆಂಪು ಮಣ್ಣಿನ ಬಯಲು ಅದು. ನಿಮ್ಮ ಕಾಲದಲ್ಲಿ ಯಾರೋ ಹಾಸಿದ್ದ ನೀಲಿ ಪ್ಲಾಸ್ಟಿಕ್ ಹುಲ್ಲಿನ ಚೂರುಗಳು ಮಣ್ಣಿನಲ್ಲಿ ಈಗಲೂ ಸಿಗುತ್ತವೆ. ಒಂದು ಬದಿಗೆ ಕಲ್ಲಿನ ಮೆಟ್ಟಿಲುಗಳಿವೆ. ಒಂದು ಗೋಲಿಗೆ ಬಾವಿ ಕಡೆ ಎಂದೂ ಇನ್ನೊಂದಕ್ಕೆ ಮಗ್ಗದ ಕಡೆ ಎಂದೂ ಹೆಸರು.

ಬಯಲಿನ ಸುತ್ತಲಿರುವುದು ತಂತಿಕೇರಿ. ನಿಮಗೂ ನೂರು ವರ್ಷ ಮೊದಲು ಪರದೇಶದ ಸರಕಾರವೊಂದು ಕೆಲವು ಜಾತಿಯ ಜನರನ್ನು ಹುಟ್ಟಿನಿಂದಲೇ ಕಳ್ಳರೆಂದು ತೀರ್ಮಾನಿಸಿ ಹಿಡಿದು ತಂದು ಇಲ್ಲಿ ಮುಳ್ಳುತಂತಿಯೊಳಗೆ ಇಟ್ಟಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಲ್ಲರೂ ಈ ಬಯಲಿನಲ್ಲಿ ಸಾಲಾಗಿ ನಿಂತು ಹೆಸರು ಕೂಗಿದಾಗ 'ಹಾಜರಿ' ಅನ್ನಬೇಕಿತ್ತು. ಎರಡು ಹಾಜರಿಗಳ ನಡುವಿನ ಹೊತ್ತಿನಲ್ಲಿ ಅದೇ ಜನ ಜಾಲಿಯ ಟೊಂಗೆ ಬಗ್ಗಿಸಿ ಸ್ಟಿಕ್ ಮಾಡಿಕೊಂಡು ಹಾಕಿ ಕಲಿತರು. ದೇಶ ಸ್ವತಂತ್ರವಾಗಿ ಕೆಲವು ವರ್ಷಕ್ಕೆ ತಂತಿ ಬಿಚ್ಚಿದರು. ಅದರ ನಂತರದ ಮೊದಲ ಚಳಿಗಾಲದಲ್ಲಿ, ಅಲ್ಲಿಯವರೆಗೆ ನಮ್ಮವರನ್ನು ಆಟಕ್ಕೇ ಸೇರಿಸದಿದ್ದ ಪೇಟೆಯ ದೊಡ್ಡ ತಂಡ ಈ ಬಯಲಿಗೆ ಆಡಲು ಬಂತು. ಆ ಪಂದ್ಯದಲ್ಲಿ ಬಿದ್ದದ್ದು ಒಂದೇ ಗೋಲು. ಅದು ನಮ್ಮದು.

ಈ ಗೋಲನ್ನು ತಂತಿಕೇರಿಯವರು ಹಂಚಿಕೊಂಡು ಇಟ್ಟುಕೊಂಡಿದ್ದಾರೆ. ಅಂದು ಆಡಿದ ಪ್ರತಿಯೊಬ್ಬನ ಮನೆತನಕ್ಕೂ ಅದರಲ್ಲಿ ಒಂದು ಪಾಲು. ಮಗುವಿನ ಕೈಗೆ ಮೊದಲ ಸ್ಟಿಕ್ ಕೊಡುವ ದಿನ ಮನೆಯ ಹಿರಿಯರು ತಮ್ಮ ಪಾಲನ್ನು ಹೇಳುತ್ತಾರೆ, ಬೇರೆಯವರ ಪಾಲನ್ನು ಹೇಳುವುದು ಮರ್ಯಾದೆಯಲ್ಲ. ನಮ್ಮ ಮನೆಯ ಪಾಲು ಚಿಕ್ಕದು. ಗೋಲು ಕಾಯುತ್ತಿದ್ದ ನಮ್ಮ ಸಣ್ಣಭೀಮ ಬಾವಿ ಕಡೆಯ ಗೋಲಿನಲ್ಲಿ ಎದುರಾಳಿಯ ಹೊಡೆತಕ್ಕೆ ಎದೆಯೊಡ್ಡಿ, ಉಸಿರು ಸಿಕ್ಕಿಕೊಂಡಿದ್ದರೂ ಚೆಂಡನ್ನು ದುರ್ಗಪ್ಪನ ಕಡೆ ಒದ್ದ. ಅಲ್ಲಿಗೆ ನಮ್ಮದು ಮುಗಿಯಿತು. ಮುಂದೆ ಏನಾಯಿತು ಎಂದು ನಾನು ಅಪ್ಪನನ್ನು ಕೇಳಿದಾಗ ಅವನು, "ಅದು ಭಜಂತ್ರ್ಯಾರ ಮನೀದು. ಬೇಕಂದ್ರ ಅವರನ್ನ ಕೇಳ ಹೋಗು" ಎಂದಿದ್ದ.

ಇಷ್ಟೆಲ್ಲ ಬಾಯಲ್ಲೇ ಯಾಕೆ ಇಟ್ಟುಕೊಂಡಿರಿ, ಬರೆದಿಡಬಾರದಿತ್ತೇ ಎಂದು ನೀವು ಕೇಳಬಹುದು. ಬರೆದಿದ್ದರು, ಚಿತ್ರವನ್ನೂ ಹಿಡಿದಿದ್ದರು. ಆಮೇಲೆ ಮಸುಕು ಬಂತು. ಯಂತ್ರಗಳ ಹೊಟ್ಟೆಯೊಳಗೆ ನೀವು ಕೂಡಿಟ್ಟಿದ್ದ ಚಿತ್ರ, ದನಿ, ಅಕ್ಷರಗಳೆಲ್ಲ ನನ್ನ ಮುತ್ತಜ್ಜಿಯ ಕಾಲದಲ್ಲಿ ಒಂದೊಂದಾಗಿ ಅಳಿಸಿ ಹೋದವು. ಅದಕ್ಕೆ ನಾವು ಮಸುಕು ಅನ್ನುತ್ತೇವೆ. ಅದಾದ ಮೇಲೆ ಯಾವ ಜಾಗದ ಕಥೆಯೂ ಖಾತ್ರಿಯಾಗಿ ಉಳಿಯಲಿಲ್ಲ. ಆದ್ದರಿಂದ ಊರಿನ ಹಿರಿಯರ ಕಟ್ಟೆ ಒಂದು ಕಾಯ್ದೆ ಮಾಡಿತು: ತನ್ನ ಬಗ್ಗೆ ಸಾಕ್ಷಿ ಹೇಳುವ ಜನರಿರುವ ನೆಲ 'ಮಾತಾಡುವ ನೆಲ', ಅದನ್ನು ಮುಟ್ಟುವಂತಿಲ್ಲ. ಸಾಕ್ಷಿ ಇಲ್ಲದ್ದು 'ಮೂಕ ನೆಲ', ಅದನ್ನು ಊರಿನ ಅಗತ್ಯಕ್ಕೆ ಅಗೆಯಬಹುದು.

ಎರಡು ವರ್ಷದ ಹಿಂದಿನ ಬೇಸಿಗೆ ನಮ್ಮನ್ನು ಒಣಗಿಸಿಬಿಟ್ಟಿತು. ತಂತಿಕೇರಿಯೂ ಸೇರಿ ಮೂರು ಕೇರಿಗಳ ಜನ ಕೊಡ ಹಿಡಿದು ನಿಂತರು, ಕೂಸುಗಳು ಆಸ್ಪತ್ರೆ ಸೇರಿದವು. ಊರಿನ ನೀರು ನೋಡಿಕೊಳ್ಳುವ ಎಂಜಿನಿಯರ್ ಪ್ರಹ್ಲಾದ ಹೂಗಾರ ಅವರು ಮಳೆಗೂಡು ತೋಡಬೇಕೆಂದರು. ಮಳೆಗೂಡು ಎಂದರೆ ನೆಲದಡಿಯ ದೊಡ್ಡ ಹೊಂಡ, ಒಂದು ಮಳೆಗಾಲದ ನೀರನ್ನು ಬೇಸಿಗೆಗೆ ಕಾಯ್ದಿಡುವಂಥದು. ಅದಕ್ಕೆ ತಗ್ಗಾದ, ಮೆತ್ತನೆ ಮಣ್ಣಿನ, ಅಗಲ ಜಾಗ ಬೇಕು. ಅವರ ಕಣ್ಣು ನನ್ನ ಬಯಲಿನ ಮೇಲೆ ಬಿತ್ತು. ಹೂಗಾರರು ಕೆಟ್ಟವರಲ್ಲ. ಆ ಬೇಸಿಗೆಯಲ್ಲಿ ಅವರೂ ನಮ್ಮ ಹಾಗೆ ಕೊಡ ಹೊತ್ತವರೇ. "ಆಟ ಎಲ್ಲಿಯಾದ್ರೂ ಆಡಬಹುದ್ರಿ ಸುಗಂಧಕ್ಕಾರ, ನೀರು ಎಲ್ಲಿಯಾದ್ರೂ ನಿಲ್ಲಂಗಿಲ್ಲ" ಎಂದು ಅವರು ಹೇಳಿದರು. ಬಯಲಿಗೆ ಸಾಕ್ಷಿ ಇದೆ ಎಂದಷ್ಟೇ ಹೇಳಿ, ಕಟ್ಟೆಯ ಮುಂದೆ ವಿಚಾರಣೆ ಕೇಳಿ ಬಂದೆ.

ಕೇರಿಯಲ್ಲಿ ಕೂತು ಮಾತಾಡಿದಾಗ ಮೊದಲ ತಕರಾರು ನಮ್ಮವರಿಂದಲೇ ಬಂತು. ಗೋಲಿನ ಕಥೆ ಹೇಳೋಣ, ತಂತಿಯದು ಬೇಡ ಎಂದರು ಹರೆಯದವರು. ಹಾಜರಿ ಎಂಬ ಹೆಸರನ್ನೇ ಬಿಟ್ಟು ವಿಜಯ ಬಯಲು ಅನ್ನೋಣ ಎಂದರು. ಆಗ ಎದ್ದವರು ತುಳಜವ್ವ. ಗೋಲು ಹೊಡೆದ ಹನುಮಂತನ ಮನೆತನದವರು, ಕೇರಿಗೆಲ್ಲ ಹಿರಿಯರು, ಊರುಗೋಲಿನ ಬದಲು ಹಳೆಯ ಹಾಕಿ ಸ್ಟಿಕ್ಕನ್ನೇ ಊರಿಕೊಂಡು ತಿರುಗುವವರು.

"ಹಾಜರಿ ಬಿಟ್ಟು ಬರೇ ಗೋಲು ಹೇಳಿದ್ರ ಕೇಳಾವ್ರು, ಆತು, ಎಲ್ಲಾರೂ ಗೋಲು ಹೊಡೀತಾರ, ನೀವೂ ಹೊಡದ್ರಿ ಅಂತಾರ" ಎಂದರು. "ದಿನಾ ಎರಡು ಹೊತ್ತು ತಲಿ ತಗ್ಗಿಸಿ ನಿಂತ ಜಾಗಾದಾಗ ಹೊಡದಾರ ನಮ್ಮವ್ರು. ಅದನ್ನ ಹೇಳಾಕ ನಾಚಿಕಿ ಬರ್ತದೇನ್ ನಿಮಗ? ಹಂಗಾರ ಮೊದಲ ನನ್ನ ಹುಗದು ಆಮ್ಯಾಲೆ ಬಯಲು ಅಗೀರಿ."

ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಇನ್ನೊಂದು ತೊಡಕಿತ್ತು. ಗೋಲಿನ ನಡುವಿನ ಪಾಲು ಫಕೀರಪ್ಪನ ಮನೆತನದ್ದು, ಅವರು ಯಾರೂ ಕೇರಿಯಲ್ಲಿ ಉಳಿದಿರಲಿಲ್ಲ. ಬಹಳ ಹಿಂದೆಯೇ ಗದಗಿಗೆ ಹೋಗಿ, ಅಡ್ಡಹೆಸರು ಬದಲಿಸಿಕೊಂಡು, ನಗರಕರ ಆಗಿದ್ದಾರೆ ಎಂದು ತುಳಜವ್ವನಿಗೆ ಮಾತ್ರ ಗೊತ್ತಿತ್ತು. ಆ ಮನೆಯ ಮಗಳು ಡಾಕ್ಟರ್ ಇಂದುಮತಿ. ಬೇಸಿಗೆಯಲ್ಲಿ ನಮ್ಮ ಕೇರಿಯ ಕೂಸುಗಳಿಗೆ ಸಲೈನ್ ಹಚ್ಚಿ ಬದುಕಿಸಿದವರು ಅವರೇ, ನಮ್ಮವರೆಂದು ನಮಗೇ ಗೊತ್ತಿರಲಿಲ್ಲ.

ನಾನು ಅವರ ದವಾಖಾನೆಗೆ ಹೋದೆ. ಫಕೀರಪ್ಪ ಎಂಬ ಹೆಸರು ನನ್ನ ಬಾಯಿಂದ ಬಿದ್ದದ್ದೇ ತಡ, ಅವರು ಎದ್ದು ಬಾಗಿಲು ಮುಚ್ಚಿದರು.

"ನಮ್ಮಪ್ಪ ಈ ಮಾತು ಹೇಳುವಾಗ ಹಿಂಗ ಬಾಗಲಾ ಹಾಕ್ಕೊಂಡ ಹೇಳ್ತಿದ್ದ್ರಿ" ಎಂದರು. "ಯಾರ ಮುಂದೂ ಆಡಬ್ಯಾಡ ಅಂತ ಆಣಿ ತಗೊಂಡಿದ್ದ. ನನ್ನ ಗಂಡಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಅಂಥಾದ್ದನ್ನ ಬಯಲಾಗ ನಿಂತು ಹೇಳ್ರಿ ಅಂತೀರಲ್ಲ, ಹೆಂಗ್ ಹೇಳ್ಲಿ?"

"ಕಾಲ ಬದಲಾಗೈತ್ರಿ ಡಾಕ್ಟರ್" ಎಂದೆ.

"ನಿಮಗ ಆಗಿರಬೇಕು. ತಂತಿಯೊಳಗಿನವರು ಅನ್ನೋ ಮಾತು ಈ ದವಾಖಾನ್ಯಾಗ ನಾ ವಾರಕ್ಕೊಮ್ಮೆ ಕೇಳ್ತೀನಿ. ನನ್ನ ಮುಂದ ಆಡ್ತಾರ, ನಾ ಅವರಾಕಿ ಅಂತ ಗೊತ್ತಿಲ್ಲದ."

ಒಂದು ಲೋಟ ನೀರು ಕೊಟ್ಟರು, ಕುಡಿದು ಬಂದೆ. ಅವರ ಮೇಲೆ ಸಿಟ್ಟು ಬರಲಿಲ್ಲ, ಬಯಲು ಕೈತಪ್ಪಿತೆಂಬ ಸಂಕಟ ಮಾತ್ರ ಇತ್ತು.

ವಿಚಾರಣೆ ನಡೆದದ್ದು ಬಯಲಿನಲ್ಲೇ, ಒಂದು ಮುಂಜಾನೆ. ನೇಕಾರರು ಮೆಟ್ಟಿಲುಗಳ ಮೇಲೆ ಹೊಸ ನೆರಳುಬಟ್ಟೆ ಕಟ್ಟಿದ್ದರು. ಮೂರು ಕೇರಿಗಳ ಜನ ಬಂದಿದ್ದರು. ಅವರಿಗೂ ನೀರಿನ ಚಿಂತೆಯಿತ್ತು, ಹಾಗಾಗಿ ಎಲ್ಲರೂ ನಮ್ಮ ಪರವೇನಲ್ಲ. ಸಾಕ್ಷಿಗಳನ್ನು ಬೇರೆ ಬೇರೆ ಕೂರಿಸಿ ಒಬ್ಬೊಬ್ಬರನ್ನೇ ಕರೆದು ಕೇಳುವುದು ಕಟ್ಟೆಯ ಪದ್ಧತಿ. ಒಬ್ಬರ ಮಾತನ್ನು ಕೇಳಿಸಿಕೊಳ್ಳದ ಇನ್ನೊಬ್ಬರು ಅದಕ್ಕೆ ಹೊಂದುವ ಮಾತನ್ನೇ ಹೇಳಿದರೆ ನೆನಪು ನಿಜ. ಕಟ್ಟೆಯ ಯಜಮಾನಿ ಶಾಂಭವಿ ಅವರು ಮೊದಲು ನನ್ನನ್ನು ಕರೆದರು. ಹಾಜರಿಯ ಕಥೆಯನ್ನೂ ಸಣ್ಣಭೀಮನ ಎದೆಯ ಕಥೆಯನ್ನೂ ಹೇಳಿದೆ. ನನ್ನ ನಂತರ ದುರ್ಗಪ್ಪನ ಮನೆತನದ ರಾಮಪ್ಪ ಭಜಂತ್ರಿ ಬಂದ. ಹಾಜರಿಯ ವಿಷಯ ನನ್ನಂತೆಯೇ ಹೇಳಿದ. ಸಣ್ಣಭೀಮ ಒದ್ದ ಚೆಂಡು ದುರ್ಗಪ್ಪನಿಗೆ ಬಂತೆಂದ. ನನ್ನ ಎದೆ ಹಗುರಾಯಿತು.

"ಆಮೇಲೆ?" ಎಂದರು ಶಾಂಭವಿ.

"ದುರ್ಗಪ್ಪಜ್ಜ ಅದನ್ನ ಫಕೀರಪ್ಪಗ ಹೊಡದಾನ್ರಿ. ಫಕೀರಪ್ಪನ ಹೆಸರು ಕೂಗಿ ಹೊಡದಾನ."

ನಂತರ ತುಳಜವ್ವ ಸ್ಟಿಕ್ ಊರುತ್ತ ಬಂದರು. ತಮ್ಮ ಪಾಲು ಹೇಳಿದರು: "ಮಗ್ಗದ ಕಡಿ ಗೋಲಿನ ಮುಂದ ನಮ್ಮ ಹನುಮಂತ ನಿಂತಿದ್ದ. ಚೆಂಡು ದುರ್ಗಪ್ಪನ ಸ್ಟಿಕ್ಕಿನಿಂದ ನೆಟ್ಟಗ ಅವನ ಹತ್ರ ಬಂತು. ನಡಕ ಯಾರೂ ಮುಟ್ಟಿಲ್ಲ. ಹೊಡದಾ, ಗೋಲಾತು."

ಮೆಟ್ಟಿಲುಗಳ ಮೇಲೆ ಗುಸುಗುಸು ಎದ್ದಿತು. ಹೂಗಾರರು ಮೆಲ್ಲಗೆ ಎದ್ದು ನಿಂತರು. "ತಪ್ಪು ತಿಳಿಬ್ಯಾಡ್ರಿ ಯಮ್ಮಾ" ಎಂದರು. "ಒಬ್ಬರು ಫಕೀರಪ್ಪಗ ಹೊಡದ ಅಂತಾರ. ನೀವು ಫಕೀರಪ್ಪ ಮುಟ್ಟೇ ಇಲ್ಲ ಅಂತೀರಿ. ಎರಡರಾಗ ಒಂದು ಸುಳ್ಳಾಗಬೇಕಲ್ರಿ?"

"ನಮ್ಮ ಮನ್ಯಾಗ ಸುಳ್ಳು ಹೇಳಿ ಸ್ಟಿಕ್ ಕೊಡಂಗಿಲ್ಲ" ಎಂದರು ತುಳಜವ್ವ. ರಾಮಪ್ಪನೂ ಎದ್ದು ತನ್ನ ಅಜ್ಜ ಸುಳ್ಳುಗಾರನಲ್ಲ ಎಂದು ಕೂಗಿದ. ಕೇರಿಯ ಎರಡು ಮನೆಗಳು ಊರೆದುರು ಜಗಳಕ್ಕೆ ನಿಂತವು. ಇದಕ್ಕಿಂತ ದೊಡ್ಡ ಸೋಲು ಯಾವುದಿದ್ದೀತು? ಶಾಂಭವಿಯವರು ಇಬ್ಬರನ್ನೂ ಕೂರಿಸಿದರು. ನೆನಪು ಹೊಂದುತ್ತಿಲ್ಲ, ಬೇರೆ ಸಾಕ್ಷಿ ಇದ್ದರೆ ಈಗಲೇ ಬರಬೇಕು ಎಂದರು.

ಆಗ ಹಿಂದಿನ ಮೆಟ್ಟಿಲಿನಿಂದ ಯಾರೋ ಇಳಿದು ಬರುವ ಸಪ್ಪಳವಾಯಿತು. ದವಾಖಾನೆಯ ಬಿಳಿ ಅಂಗಿಯಲ್ಲೇ ಇದ್ದ ಇಂದುಮತಿ. ಅವರ ಹಿಂದೆ ಏನೂ ಅರ್ಥವಾಗದೆ ಗಾಬರಿಯಾದ ಅವರ ಮಗಳು. ಇಂದುಮತಿ ಬಯಲಿನ ನಡುವೆ ಬಂದು, ಕಟ್ಟೆಯ ಕಡೆಗಲ್ಲ, ಜನರ ಕಡೆ ತಿರುಗಿ ನಿಂತರು.

"ಇಂದುಮತಿ. ಫಕೀರಪ್ಪನ ಮನೆತನ" ಎಂದರು. ಮಗಳ ಕಡೆ ಒಮ್ಮೆ ನೋಡಿದರು. ಮತ್ತೆ ಗಟ್ಟಿಯಾಗಿ ಹೇಳಿದರು: "ಹಾಜರಿ."

ತುಳಜವ್ವ ಸೆರಗು ಬಾಯಿಗೆ ಒತ್ತಿಕೊಂಡರು.

"ಇಬ್ಬರದೂ ಖರೇ ಐತ್ರಿ" ಎಂದರು ಇಂದುಮತಿ. "ದುರ್ಗಪ್ಪ ಹೊಡದದ್ದು ಫಕೀರಪ್ಪಗನ. ಫಕೀರಪ್ಪ ಮುಟ್ಟಲಿಲ್ಲ. ಬೇಕಂತ ಮುಟ್ಟಲಿಲ್ಲ. ನಮ್ಮಪ್ಪ ಹೇಳ್ತಿದ್ದ, ತಂತಿಯೊಳಗ ಹುಟ್ಟಿ ಬೆಳೆದವಗ ಒಂದು ಗೊತ್ತಿತ್ತಂತ. ಕಾಯಾವ್ರ ಕಣ್ಣು ಯಾವಾಗಲೂ ನಮ್ಮ ಮ್ಯಾಲೆ ಇರ್ತದ, ನಮ್ಮ ಕೈಯಾಗ ಏನೈತಿ, ನಾವು ಎತ್ತಾಗ ಹೊಂಟೀವಿ ಅಂತ. ಪೇಟಿ ತಂಡದ ಮೂರು ಮಂದಿ ಅವನ್ನ ಹಂಗ ನೋಡಾಕತ್ತಿದ್ರು. ಅವ ಜೋರಾಗಿ ಹೊಡಿಯಾವನಂಗ ಸ್ಟಿಕ್ ಎತ್ತಿದ. ಮೂರೂ ಮಂದಿ ಅವನ ಮ್ಯಾಲೆ ಬಂದ್ರು. ಚೆಂಡು ಅವನ ಕಾಲಸಂದ್ಯಾಗ ಹಾದು ಹನುಮಂತನ ಕಡೆ ಹೋತು. ಅವರು ನನ್ನ ಕಾಯ್ದ್ರು, ಚೆಂಡು ಕಾಯಲಿಲ್ಲ ಅಂತ ಫಕೀರಪ್ಪ ನಗ್ತಿದ್ದನಂತ. ಇಷ್ಟ ನಮ್ಮ ಪಾಲು."

ರಾಮಪ್ಪ ಓಡಿ ಬಂದು ತುಳಜವ್ವನ ಕಾಲು ಮುಟ್ಟಿದ. ಅವರು ಅವನ ಬೆನ್ನಿಗೊಂದು ಗುದ್ದಿ, ಅಳುತ್ತಲೇ ನಕ್ಕರು. ತಲೆತಲಾಂತರದಿಂದ ನಾಲ್ಕು ಮನೆಗಳಲ್ಲಿ ಬೇರೆ ಬೇರೆ ಬಿದ್ದಿದ್ದ ಗೋಲು ಅಂದು ನಮ್ಮ ಕಣ್ಣೆದುರು ಕೂಡಿಕೊಂಡಿತ್ತು.

ಶಾಂಭವಿಯವರು ಗಟ್ಟಿ ಹೆಂಗಸು. ಡಾಕ್ಟರು ಮೆಟ್ಟಿಲ ಮೇಲೆ ಕೂತು ಇಬ್ಬರ ಮಾತನ್ನೂ ಕೇಳಿಯೇ ಹೇಳಿದ್ದು, ಅಷ್ಟು ಸಾಲದು, ಮಾಡಿ ತೋರಿಸಿ ಎಂದರು. ನಾನು ಬಾವಿ ಕಡೆ ನಿಂತೆ. ರಾಮಪ್ಪ ದುರ್ಗಪ್ಪನ ಜಾಗದಲ್ಲಿ, ಇಂದುಮತಿ ನಡುವೆ, ಯಾರೋ ಕೊಟ್ಟ ಸ್ಟಿಕ್ ಹಿಡಿದು. ಹನುಮಂತನ ಜಾಗಕ್ಕೆ ಮೊಮ್ಮಗಳನ್ನು ಕಳಿಸುತ್ತಾರೆಂದು ನಾವೆಲ್ಲ ಅಂದುಕೊಂಡರೆ ತುಳಜವ್ವ ತಾವೇ ಮಗ್ಗದ ಕಡೆ ನಡೆದು ಹೋಗಿ ಕಂಬದ ಪಕ್ಕ ನಿಂತುಬಿಟ್ಟರು. ಎದುರಾಳಿ ಯಾರು? ಶಾಂಭವಿ ಹೂಗಾರರ ಕಡೆ ಬೆರಳು ತೋರಿಸಿ, "ನೀವ ಕಾಯ್ರಿ" ಎಂದರು. ಅವರು ತಮ್ಮ ಇಬ್ಬರು ಸಹಾಯಕರೊಂದಿಗೆ ಬೂಟು ಬಿಚ್ಚಿಟ್ಟು ಬಯಲಿಗಿಳಿದರು. "ನನಗ ಎಲ್ಲಾ ಗೊತ್ತಾಗೈತಿ, ನಾ ಮೋಸ ಹೋಗಂಗಿಲ್ಲ" ಎಂದು ನಗುತ್ತಲೇ ಹೇಳಿದರು.

ನಾನು ಒದ್ದೆ. ರಾಮಪ್ಪ ಫಕೀರಪ್ಪನ ಹೆಸರು ಕೂಗಿ ಹೊಡೆದ. ಇಂದುಮತಿ ಸ್ಟಿಕ್ಕನ್ನು ಹೆಗಲ ಮೇಲೆತ್ತಿದರು. ಅವರ ಮುಖದಲ್ಲಿ ಎಂಥ ರೋಷವಿತ್ತೆಂದರೆ ಈಗ ಹೊಡೆದೇ ಬಿಡುತ್ತಾರೆಂದು ನನಗೂ ಅನ್ನಿಸಿತು. ಹೂಗಾರರೂ ಸಹಾಯಕರೂ ಅವರತ್ತಲೇ ನುಗ್ಗಿದರು. ಚೆಂಡು ಕೆಂಪು ಮಣ್ಣೆಬ್ಬಿಸುತ್ತ ಇಂದುಮತಿಯ ಕಾಲುಗಳ ನಡುವೆ ಹಾದು, ಯಾರೂ ಇಲ್ಲದ ಮೈದಾನವನ್ನು ದಾಟಿ ತುಳಜವ್ವನ ಮುಂದೆ ಹೋಗಿ ನಿಧಾನವಾಯಿತು. ಮುದುಕಿ ಸ್ಟಿಕ್ಕಿನಿಂದ ಅದನ್ನೊಮ್ಮೆ ತಟ್ಟಿದರು.

"ಹೊಡದ್ನಿ!" ಎಂದು ಕಿರುಚಿದರು. "ನೋಡ್ರಿ, ಹೊಡದ್ನಿ!"

ಆಮೇಲೆ ಎದ್ದ ಕೂಗನ್ನು ನಿಮಗೆ ಕೇಳಿಸುವಂತಿದ್ದರೆ ಈ ಕಾಗದವೇ ಬೇಕಿರಲಿಲ್ಲ. ನೀರಿನ ಚಿಂತೆಯಿಂದ ಬಂದಿದ್ದ ಪಕ್ಕದ ಕೇರಿಯವರೂ ಎದ್ದು ನಿಂತು ಕೇಕೆ ಹಾಕಿದರು. ಇಂದುಮತಿಯ ಮಗಳು ತಾಯಿಯನ್ನು ಅಪ್ಪಿಕೊಂಡು, "ನನಗ ಯಾಕ ಹೇಳಿಲ್ಲ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಹೂಗಾರರು ಬರಿಗಾಲಲ್ಲಿ ಬಯಲಿನ ನಡುವೆ ನಿಂತು ತಲೆ ಕೆರೆದುಕೊಂಡರು. "ಎಲ್ಲಾ ಗೊತ್ತಿದ್ದೂ ನಾ ಅಕ್ಕಾರನ್ನ ನೋಡ್ಕೋಂತ ನಿಂತೆ, ಚೆಂಡು ಕಾಣಲೇ ಇಲ್ಲ" ಎಂದರು. ಆ ಮಾತಿನ ಮೇಲೆಯೇ ಕಟ್ಟೆ ನಮ್ಮ ನೆನಪು ನಿಜವೆಂದು ತೀರ್ಪು ಕೊಟ್ಟಿತು. ಹಾಜರಿ ಬಯಲು ಮಾತಾಡುವ ನೆಲ, ಹೆಸರೂ ಅದೇ ಇರತಕ್ಕದ್ದು.

ನೀರು? ಕೇಳಿಯೇ ಕೇಳುತ್ತೀರಿ. ನಿಮ್ಮ ಕಾಲದವರು ಕಾರು ನಿಲ್ಲಿಸಲು ಸ್ಟೇಷನ್ನಿನ ಹತ್ತಿರ ಹಾಸಿದ್ದ ಸಿಮೆಂಟಿನ ದೊಡ್ಡ ಹಾಸು ಪಾಳುಬಿದ್ದಿತ್ತು. ಅದರ ಕೆಳಗೆ ಬಂಡೆಯಿದೆ, ತೋಡುವುದು ಕಷ್ಟ ಎಂದು ಹೂಗಾರರು ಅದನ್ನು ಮೊದಲು ಬಿಟ್ಟಿದ್ದರು. ವಿಚಾರಣೆಯ ಮರುದಿನವೇ ಹೊಸ ನಕ್ಷೆ ಹಾಕಲು ಕೂತರು. ಬಂಡೆ ಒಡೆಯುವುದು ನಮ್ಮ ಗಾಡಿವಡ್ಡರ ಮನೆಗಳಿಗೆ ಹೊಸದೇ? ಇಡೀ ತಂತಿಕೇರಿ ಸುತ್ತಿಗೆ ಹಿಡಿದು ಹೋಯಿತು, ಪಕ್ಕದ ಕೇರಿಗಳು ಬುಟ್ಟಿ ಹೊತ್ತವು. ಹೋದ ಮಳೆಗಾಲ ಆ ಮಳೆಗೂಡು ಕಂಠಮಟ್ಟ ತುಂಬಿತು. ಈ ಬೇಸಿಗೆ ಯಾರೂ ಕೊಡ ಹಿಡಿದು ನಿಂತಿಲ್ಲ.

ಇನ್ನೊಂದು ಸಂಗತಿ ನಾವು ಎಣಿಸದೆಯೇ ಆಯಿತು. ಇಂದುಮತಿ ಹಾಜರಿ ಹೇಳಿದ ಸುದ್ದಿ ಹಬ್ಬಿ, ಕೇರಿ ಬಿಟ್ಟುಹೋದ ಬೇರೆ ಮನೆಗಳವರು ಒಬ್ಬೊಬ್ಬರೇ ಬರತೊಡಗಿದರು. ಹುಬ್ಬಳ್ಳಿಯಿಂದ, ಸೊಲ್ಲಾಪುರದಿಂದ, ಅಡ್ಡಹೆಸರು ಬದಲಿಸಿಕೊಂಡವರು, ಭಾಷೆಯನ್ನೇ ಬದಲಿಸಿಕೊಂಡವರು. ಒಬ್ಬರ ಬಳಿ ಹಾಜರಿ ಕೂಗುತ್ತಿದ್ದವನ ದನಿಯ ಅಣಕು ಉಳಿದಿತ್ತು. ಒಬ್ಬರು ಜಾಲಿ ಟೊಂಗೆಯನ್ನು ಬಿಸಿ ಬೂದಿಯಲ್ಲಿಟ್ಟು ಬಗ್ಗಿಸುವ ರೀತಿ ತೋರಿಸಿಕೊಟ್ಟರು. ತಂತಿಯ ಸಂದಿಯಿಂದ ಹೊರಹೋದ ಚೆಂಡನ್ನು ಯಾರು ತರಬೇಕೆಂದು ನಡೆದ ಜಗಳವೊಂದು ಇನ್ನೊಂದು ಮನೆಯ ಪಾಲಾಗಿತ್ತು. ಎಲ್ಲವನ್ನೂ ಈಗ ಶಾಲೆಯ ಮಕ್ಕಳು ಕೇಳುತ್ತಾರೆ, ಬಾಯಿಪಾಠವಲ್ಲ, ಬಯಲಿನಲ್ಲಿ ಆಡುತ್ತ ಕೇಳುತ್ತಾರೆ. ಗೇಟಿನ ಬಳಿ ಕಲ್ಲೊಂದನ್ನು ನಿಲ್ಲಿಸಿ ಹಾಜರಿ, ಆಟ ಎರಡರ ಕಥೆಯನ್ನೂ ಕೆತ್ತಿಸಿದ್ದೇವೆ. ಕಲ್ಲು ಓದಿ ಹೇಳುವ ಜನರಿಲ್ಲದಿದ್ದರೆ ಅದೂ ಮೂಕವೇ ಎಂದು ತುಳಜವ್ವ ಗೊಣಗುತ್ತಾರೆ, ಅದೂ ನಿಜ.

ಹಿರಿಯರೇ, ನನ್ನದೊಂದು ಬೇಡಿಕೆ. ನಿಮ್ಮ ಊರಿನಲ್ಲೂ ಒಂದು ಹಳೆಯ ಮೈದಾನ ಇರುತ್ತದೆ. ಅದರ ಚಿತ್ರಗಳೆಲ್ಲ ಎಲ್ಲೋ ಭದ್ರವಾಗಿವೆ ಎಂದು ನಂಬಿ ಸುಮ್ಮನಿರಬೇಡಿ, ಅವು ನಮಗೆ ಮುಟ್ಟಲಿಲ್ಲ. ಅಲ್ಲಿ ಆಡಿದವರು ಇನ್ನೂ ಬದುಕಿದ್ದಾರೆ, ಹೋಗಿ ಕೇಳಿ. ಅವರು ಗೆದ್ದದ್ದನ್ನು ಬೇಗ ಹೇಳುತ್ತಾರೆ. ಅಷ್ಟಕ್ಕೇ ಎದ್ದು ಬರದೆ ಇನ್ನಷ್ಟು ಹೊತ್ತು ಕೂತಿರಿ, ಅವರನ್ನು ಯಾರು ಹೊರಗಿಟ್ಟಿದ್ದರು, ಯಾವ ಬಾಗಿಲಲ್ಲಿ ನಿಲ್ಲಿಸಿದ್ದರು ಎಂಬುದೂ ಬರುತ್ತದೆ. ಅದನ್ನು ನಿಮ್ಮ ಮಕ್ಕಳಿಗೆ ಬಾಗಿಲು ತೆರೆದಿಟ್ಟುಕೊಂಡೇ ಹೇಳಿ.

ಗಾಳಿ ತಿರುಗಿತು, ಬೀದಿಯ ಬಟ್ಟೆಗಳನ್ನು ಬಿಚ್ಚುತ್ತಿದ್ದಾರೆ. ಇಂದು ಹುಬ್ಬಳ್ಳಿಯ ತಂಡದ ಜೊತೆ ನಮ್ಮ ಹುಡುಗಿಯರ ಫೈನಲ್ ಇದೆ, ಅವರ ಗಾಡಿ ಆಗಲೇ ಬಂದು ನಿಂತಿದೆ. ನಾನು ಏಳುತ್ತೇನೆ. ನಿಮ್ಮಲ್ಲಿ ಯಾರಾದರೂ ಈ ಸಂಜೆ ಆಡಲು ಹೊರಟಿದ್ದರೆ ಚೆನ್ನಾಗಿ ಆಡಿ. ಗೆದ್ದರೆ ಮನೆಯಲ್ಲಿ ಹೇಳಿ. ಸೋತರೂ ಹೇಳಿ. ಕೇಳುವವರು ನಾವು ಇಷ್ಟು ಜನ ಇದ್ದೇವೆ.

ನಿಮ್ಮ ಮುಂದಿನವಳು,
ಸುಗಂಧಾ